ಮನೆ, ಅಂಗಡಿ, ಗಿರಣಿಗಳ ವಿದ್ಯುತ್ ಜೋಡಣೆ, ದುರಸ್ತಿ ಮತ್ತು ಸುರಕ್ಷತಾ ಪರೀಕ್ಷೆ: ಕುರ್ಡಿ ಸೀಮೆಯನ್ನು ಕುರಿತು

ಕಂಬದಿಂದ ಇಳಿದ ಸರ್ವಿಸ್ ವೈರು ಮೀಟರು ಮುಟ್ಟುವವರೆಗಿನ ಹೊಣೆ ಸರಬರಾಜು ಕಂಪನಿಯದು. ಮೀಟರು ದಾಟಿದ ಮೇಲಿನ ಮೇನ್ ಸ್ವಿಚ್ಚು, ವೈರಿಂಗ್, ಬೋರ್ಡು, ಅರ್ಥಿಂಗ್, ಅವಕ್ಕೆ ಸಿಕ್ಕಿಸುವ ಉಪಕರಣಗಳೆಲ್ಲ ಮನೆಯವರ ಅಥವಾ ಅಂಗಡಿಯವರ ಪಾಲಿನವು. ಈ ಒಳಭಾಗವನ್ನು ಜೋಡಿಸುವುದು, ಕೆಟ್ಟಾಗ ಸರಿಪಡಿಸುವುದು, ಸುರಕ್ಷಿತವಾಗಿದೆಯೇ ಎಂದು ಅಳೆದು ನೋಡುವುದು, ಇವು ಮೂರು ಬೇರೆ ಬೇರೆ ಕೆಲಸಗಳು. ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಾಗಲಿ, ಅದರ ಆಚೀಚಿನ ದೇವದುರ್ಗ, ರಾಯಚೂರುಗಳಲ್ಲಾಗಲಿ ಮೊದಲ ಎರಡಕ್ಕೆ ಜನ ಸಿಗುತ್ತಾರೆ. ಮೂರನೆಯದು ಮಾತ್ರ ಸಂಪರ್ಕ ಪಡೆಯುವ ಹೊತ್ತಿನಲ್ಲಿ ಒಂದು ವರದಿಯ ರೂಪದಲ್ಲಿ ಬಂದು, ಆಮೇಲೆ ಮನೆ ಇರುವಷ್ಟು ಕಾಲವೂ ಮತ್ತೆ ಬರುವುದಿಲ್ಲ. ಈ ಲೇಖನ ಮೂರನ್ನೂ ಪರಿಚಯಿಸುತ್ತದೆ. ಜೊತೆಗೆ ಒಂದು ವಾದವನ್ನೂ ಮುಂದಿಡುತ್ತದೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ಒಣನೆಲದಲ್ಲಿ ಅರ್ಥಿಂಗ್ ಗುಂಡಿ ಮತ್ತು ಫ್ಯೂಸು ಸೇರಿ ಮನುಷ್ಯರ ಜೀವ ಉಳಿಸುತ್ತವೆ ಎಂಬ ನಂಬಿಕೆಗೆ ಲೆಕ್ಕದ ಆಧಾರವಿಲ್ಲ. ಎಷ್ಟೇ ಸಣ್ಣ ಮನೆಯಾದರೂ, ಸೋರುವ ಕರೆಂಟನ್ನು ಕಂಡು ತಾನೇ ಕಳಚುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು, ಪರೀಕ್ಷೆ ಕಡುಬೇಸಿಗೆಯಲ್ಲೇ ಆಗಬೇಕು.

ಸುರಕ್ಷತೆ ಹೀಗೆ ಹಿಂದೆ ಬಿದ್ದಿರುವುದು ರಾಯಚೂರು ಜಿಲ್ಲೆಗೆ ವಿದ್ಯುತ್ತಿನ ಕೊರತೆ ಇದೆಯೆಂಬ ಕಾರಣಕ್ಕಲ್ಲ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಕೆಲಸ ಆರಂಭಿಸಿತು. ಈಗ ಅದರ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಯರಮರಸಿನಲ್ಲಿ 800 ಮೆಗಾವಾಟಿನ ಎರಡು ಘಟಕಗಳಿವೆ. ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ರಾಜ್ಯದ ವಿದ್ಯುತ್ ಮಂಡಳಿ ಹುಟ್ಟಿತು. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು. 2002ರಿಂದ ಈ ಭಾಗದ ವಿತರಣೆ ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಜೆಸ್ಕಾಂ ಕೈಯಲ್ಲಿದೆ; ಹಳ್ಳಿಯವರ ಬಾಯಲ್ಲಿ ಅದು ಇಂದಿಗೂ ಕೆಇಬಿಯೇ. ಉತ್ಪಾದನೆಯ ಚರಿತ್ರೆಗಿಂತ ಮನೆಯೊಳಗೆ ವಿದ್ಯುತ್ ಹೊಕ್ಕ ಬಗೆ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಯೋಜನೆಗಳು ಬಡವರ ಮನೆಗೆ ತಂದದ್ದು ಒಂದು ಬಲ್ಬು. ಒಂದು ಬಲ್ಬಿಗೆ ಎರಡು ವೈರು ಸಾಕು, ಒಂದು ಫೇಸು, ಇನ್ನೊಂದು ನ್ಯೂಟ್ರಲ್. ಹೋಲ್ಡರು ಕೈಗೆಟುಕದ ಎತ್ತರದಲ್ಲಿರುವುದರಿಂದ ಮೂರನೆಯ ವೈರು, ಅಂದರೆ ಅರ್ಥ್, ಇಲ್ಲದಿದ್ದರೂ ಅಪಾಯ ಕಡಿಮೆ. ಆಮೇಲೆ ಆ ಎರಡೇ ವೈರಿನಿಂದ ಕವಲೊಡೆಸಿ ಫ್ಯಾನು ಬಂತು, ಟಿವಿ ಬಂತು, ಮಿಕ್ಸರು, ಇಸ್ತ್ರಿಪೆಟ್ಟಿಗೆ, ಫ್ರಿಜ್ಜು, ಕೊನೆಗೆ ತಗಡಿನ ಮೈಯ ಕೂಲರೂ ಬಂತು. 2023ರ ಆಗಸ್ಟಿನಲ್ಲಿ ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿ ತಿಂಗಳಿಗೆ 200 ಯೂನಿಟ್‌ವರೆಗಿನ ಬಳಕೆಯ ಬಿಲ್ಲಿನ ಭಾರ ಇಳಿಸಿತು. ಬಡವರ ಮನೆಗೆ ತಂಪು ಗಾಳಿ ಬರುವುದು ಒಳ್ಳೆಯದೇ, ಬರಲೇಬೇಕು. ಆದರೆ ಲೋಡು ಬಂದಷ್ಟು ಸಲೀಸಾಗಿ ಮೂರನೆಯ ವೈರು ಬರಲಿಲ್ಲ. ಮೂರು ಕಾಲಿನ ಪ್ಲಗ್ಗಿಗೆ ಮೂರು ತೂತಿನ ಸಾಕೆಟ್ಟು ಸಿಕ್ಕರೂ, ಎಷ್ಟೋ ಮನೆಗಳಲ್ಲಿ ಆ ದೊಡ್ಡ ತೂತಿನ ಹಿಂದೆ ಯಾವ ವೈರೂ ಇರುವುದಿಲ್ಲ.

ಈ ಸೀಮೆಯ ಮನೆಯ ಅಪಾಯವನ್ನು ಅರಿಯಲು ಕೂಲರಿಗಿಂತ ಒಳ್ಳೆಯ ಉದಾಹರಣೆ ಸಿಗದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಕೂಲರು ಹಗಲೂ ರಾತ್ರಿ ಓಡುತ್ತದೆ. ಅದರ ಮೈ ಕಬ್ಬಿಣದ ತಗಡು. ಒಳಗೆ ನೀರು, ನೀರಿನಲ್ಲಿ ಮುಳುಗಿದ ಸಣ್ಣ ಪಂಪು, ಮೇಲೆ ಮೋಟಾರು. ವರ್ಷದ ಎಂಟು ತಿಂಗಳು ಮೂಲೆಯಲ್ಲಿ ಧೂಳು ಕುಡಿದು, ಇಲಿ ಕಡಿದ ವೈರಿನೊಂದಿಗೆ ಅದು ಬೇಸಿಗೆಗೆ ಹೊರಬರುತ್ತದೆ. ನೀರು ತುಂಬುವವರು ಸಾಮಾನ್ಯವಾಗಿ ಹೆಂಗಸರು, ಮಕ್ಕಳು. ಕಾಲಲ್ಲಿ ಚಪ್ಪಲಿ ಇರುವುದಿಲ್ಲ, ನೆಲ ಒದ್ದೆ, ಒಂದು ಕೈ ತಗಡಿನ ಮೇಲೆ. ಪಂಪಿನ ಇನ್ಸುಲೇಷನ್ ಸೋತು ಫೇಸು ತಗಡಿಗೆ ತಗುಲಿದರೆ ಏನಾಗುತ್ತದೆಂಬುದು ಅರ್ಥಿಂಗಿನ ಮೇಲೆ ನಿಂತಿದೆ. ಅರ್ಥಿಂಗ್ ಇಲ್ಲದಿದ್ದರೆ ತಗಡು 230 ವೋಲ್ಟಿನಲ್ಲಿ ಕಾದಿರುತ್ತದೆ. ಒದ್ದೆ ಚರ್ಮದ ಮನುಷ್ಯದೇಹದ ರೋಧವನ್ನು ಸುಮಾರು 1,000 ಓಮ್ ಎಂದು ಹಿಡಿದರೆ ಮೈಯಲ್ಲಿ ಹರಿಯುವ ಕರೆಂಟು 230 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರಿಗೇ ಸ್ನಾಯು ಬಿಗಿದು, ಹಿಡಿದ ಕೈಯನ್ನು ಬಿಡಿಸಿಕೊಳ್ಳಲಾಗದು. 30 ದಾಟಿ ಹೆಚ್ಚು ಹೊತ್ತು ಹರಿದರೆ ಉಸಿರು ಕಟ್ಟುವ, ಗುಂಡಿಗೆಯ ಲಯ ತಪ್ಪುವ ಭಯ. ಗುಂಡಿಗೆ ಲಯ ತಪ್ಪಿದ ಮೇಲೆ ಉಳಿಯುವುದು ಕೆಲವೇ ನಿಮಿಷ. ಅಷ್ಟರಲ್ಲಿ ಕುರ್ಡಿಯಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ತಲುಪುವುದು ಆಗದ ಮಾತು. ಪಕ್ಕದಲ್ಲಿದ್ದವರು ಮೊದಲು ಮೇನ್ ಆಫ್ ಮಾಡಿ, ಉಸಿರಾಟ ನಿಂತಿದ್ದರೆ ಅಲ್ಲೇ ಎದೆ ಒತ್ತಲು ಶುರುಮಾಡುವುದೊಂದೇ ದಾರಿ.

‘ನಮ್ಮ ಮನೆಗೆ ಅರ್ಥಿಂಗ್ ಮಾಡಿಸಿದೇವಿ, ಎಂಸಿಬಿನೂ ಐತಿ’ ಎಂಬುದು ತಿಳಿದವರ ಮನೆಯಲ್ಲೂ ಕೇಳಿಬರುವ ಉತ್ತರ. ಎಂಸಿಬಿ ಎಂದರೆ ಕರೆಂಟು ಮಿತಿಮೀರಿದಾಗ ತಾನೇ ಬೀಳುವ ಸ್ವಿಚ್ಚು. ಈ ಉತ್ತರವನ್ನು ಲೆಕ್ಕಕ್ಕೆ ಹಚ್ಚಿ ನೋಡಬೇಕು. ಹಳ್ಳಿಗಳಲ್ಲಿ ಟಿಸಿಯ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನ, ನ್ಯೂಟ್ರಲನ್ನು ಟಿಸಿಯ ಬುಡದಲ್ಲಿ ನೆಲಕ್ಕಿಳಿಸಿರುತ್ತಾರೆ, ಮನೆಯ ಅರ್ಥನ್ನು ಮನೆಯ ಬುಡದಲ್ಲಿ ಬೇರೆಯಾಗಿ ಇಳಿಸಿರುತ್ತಾರೆ. ಇವೆರಡರ ನಡುವೆ ತಾಮ್ರದ ವೈರಿಲ್ಲ, ಇರುವುದು ಬರೀ ಮಣ್ಣು. ಕೂಲರಿನ ತಗಡಿಗೆ ತಗುಲಿದ ಫೇಸಿನ ಕರೆಂಟು ಮನೆಯ ಗುಂಡಿಯಿಂದ ಮಣ್ಣಿಗಿಳಿದು, ಮಣ್ಣಿನಲ್ಲಿ ಸಾಗಿ, ಟಿಸಿಯ ಗುಂಡಿಯಲ್ಲಿ ಮೇಲೇರಬೇಕು. 16 ಆಂಪಿಯರಿನ ಸಿ ಬಗೆಯ ಎಂಸಿಬಿ ತಕ್ಷಣ ಬಿದ್ದೇ ಬೀಳುತ್ತದೆಂದು ಭರವಸೆ ಇರಬೇಕಾದರೆ ಅದರ ಹತ್ತುಪಟ್ಟು, ಅಂದರೆ 160 ಆಂಪಿಯರ್ ಹರಿಯಬೇಕು. ಬಿ ಬಗೆಯದಕ್ಕೆ ಐದುಪಟ್ಟು, 80 ಆಂಪಿಯರ್. 230 ವೋಲ್ಟಿಗೆ 160 ಆಂಪಿಯರ್ ಹರಿಯಲು ಇಡೀ ದಾರಿಯ ರೋಧ 1.4 ಓಮ್ ಮೀರಬಾರದು. 80 ಆಂಪಿಯರಿಗಾದರೆ 2.9 ಓಮ್. ಟಿಸಿಯ ಗುಂಡಿಯೊಂದೇ ಇದಕ್ಕಿಂತ ಹೆಚ್ಚು ರೋಧ ತೋರಿಸಬಹುದು. ಮನೆಯ ಗುಂಡಿ 35 ಓಮ್, ಟಿಸಿಯದು 5 ಓಮ್ ಎಂದುಕೊಂಡರೆ ಹರಿಯುವುದು 5.75 ಆಂಪಿಯರ್ ಮಾತ್ರ. ಎಂಸಿಬಿಗೆ ಅದು ಇಸ್ತ್ರಿಪೆಟ್ಟಿಗೆಯಂಥ ಸಾಮಾನ್ಯ ಲೋಡು, ಅದು ಅಲುಗುವುದಿಲ್ಲ. ಕಟೌಟಿನಲ್ಲಿ 5 ಆಂಪಿಯರಿನ ಫ್ಯೂಸ್ ವೈರಿದ್ದರೂ ಕರಗುವ ಭರವಸೆಯಿಲ್ಲ, ಏಕೆಂದರೆ ಫ್ಯೂಸ್ ವೈರು ತನ್ನ ಅಂಕಿಯ ಒಂದೂವರೆ, ಎರಡು ಪಟ್ಟು ಕರೆಂಟಿಗೆ ಕರಗುವಂಥದ್ದು. ತಗಡಿನ ಮೇಲೆ ಉಳಿಯುವ ವೋಲ್ಟೇಜು 35ನ್ನು 5.75ರಿಂದ ಗುಣಿಸಿದಷ್ಟು, ಎಂದರೆ ಸುಮಾರು 200. ಅರ್ಥಿಂಗ್ ಮಾಡಿಸಿದ ಮನೆ, ಎಂಸಿಬಿ ಹಾಕಿದ ಮನೆ, ಕೂಲರಿನ ಮೇಲೆ 200 ವೋಲ್ಟ್. ಮೀಟರು ಗಂಟೆಗೆ 1.3 ಯೂನಿಟ್ ಓಡುತ್ತಿರುತ್ತದೆ, ಮನೆಯವರಿಗೆ ಬೇರೆ ಯಾವ ಸುಳಿವೂ ಇಲ್ಲ.

35 ಓಮ್ ಎಂಬುದು ವಾದಕ್ಕಾಗಿ ಹುಡುಕಿ ತಂದ ಅಂಕಿಯಲ್ಲ. ಅರ್ಥಿಂಗನ್ನು ಕುರಿತ ಭಾರತೀಯ ಮಾನಕ ಐಎಸ್ 3043 ಪೈಪಿನ ರೋಧವನ್ನು ಕಂಡುಹಿಡಿಯುವ ಸೂತ್ರ ಕೊಡುತ್ತದೆ. ಎರಡೂವರೆ ಮೀಟರ್ ಉದ್ದ, 40 ಮಿಲಿಮೀಟರ್ ವ್ಯಾಸದ ಜಿಐ ಪೈಪಿಗೆ ಅದನ್ನು ಅನ್ವಯಿಸಿದರೆ, ಮಣ್ಣಿನ ರೋಧಕತೆ 10 ಓಮ್-ಮೀಟರ್ ಇದ್ದಾಗ ಉತ್ತರ 3.5 ಓಮ್, 100 ಇದ್ದಾಗ 35 ಓಮ್. ಹಸಿ ಎರೆಮಣ್ಣು ಮೊದಲ ಅಂಕಿಯ ಸುತ್ತಮುತ್ತ ಇರುತ್ತದೆ. ಒಣ ಮೊರಂ, ಮಸಾರಿ ನೆಲ ಎರಡನೆಯದನ್ನು ಸುಲಭವಾಗಿ ಮುಟ್ಟುತ್ತದೆ, ದಾಟುತ್ತದೆ. ಎರೆಹೊಲದ ಸೀಮೆಯಲ್ಲಿ ಅರ್ಥಿಂಗಿಗೆ ಚಿಂತೆಯಿಲ್ಲ ಎಂದು ಹೇಳುವವರಿದ್ದಾರೆ. ಮಳೆಗಾಲದ ಮಟ್ಟಿಗೆ ಅವರ ಮಾತು ನಿಜ. ಆದರೆ ಎರೆಯ ಗುಣ ಗೊತ್ತಿರುವ ರೈತರಿಗೆ ಬೇಸಿಗೆಯ ಎರೆಯೂ ಗೊತ್ತು. ನೀರು ಆರಿದಂತೆ ಅದು ಕುಗ್ಗುತ್ತದೆ, ಮೊಣಕಾಲು ಇಳಿಯುವಂತೆ ಬಿರಿಯುತ್ತದೆ. ಪೈಪಿನ ಸುತ್ತಲ ಮಣ್ಣು ಹಿಂದೆ ಸರಿದು, ಲೋಹಕ್ಕೂ ಮಣ್ಣಿಗೂ ನಡುವೆ ಗಾಳಿ ಬರುತ್ತದೆ. ರೋಧದ ಬಹುಪಾಲು ಇರುವುದು ಪೈಪಿಗೆ ಅಂಟಿಕೊಂಡ ಮಣ್ಣಿನಲ್ಲಿಯೇ ಆದ್ದರಿಂದ ಆ ಬಿರುಕು ಸಣ್ಣದಾದರೂ ಪರಿಣಾಮ ದೊಡ್ಡದು. ಹೀಗೆ ಕೂಲರು ಓಡುವ ತಿಂಗಳೂ ಅರ್ಥಿಂಗ್ ಸೋಲುವ ತಿಂಗಳೂ ಒಂದೇ ಆಗಿಬಿಡುತ್ತದೆ. ಕೆಳಗೆ ಹೋದರೆ ಇನ್ನೊಂದು ತೊಡಕು: ಈ ಭಾಗದ ಅಡಿಪಾಯ ಹಳೆಯ ಗ್ರಾನೈಟು ಮತ್ತು ನೈಸ್ ಶಿಲೆ. ಎಷ್ಟೋ ಕಡೆ ಕೆಲವೇ ಅಡಿಗೆ ಬಂಡೆ ತಗಲುತ್ತದೆ, ಪೈಪನ್ನು ಮೊಟಕಾಗಿಸಿ ಹೂತು ಕೈತೊಳೆದುಕೊಳ್ಳುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ನಿಂತು ಸವುಳಾದ ನೆಲದಲ್ಲಿ ಕಥೆ ಉಲ್ಟಾ. ಅಲ್ಲಿ ರೋಧ ಕಡಿಮೆಯೇ, ಆದರೆ ಉಪ್ಪು ಜಿಐ ಪೈಪನ್ನೂ ಕ್ಲ್ಯಾಂಪನ್ನೂ ತಿನ್ನುತ್ತದೆ. ಮೇಲೆ ಗಟ್ಟಿ ಕಂಡ ಪೈಪು ಮಣ್ಣಿನೊಳಗೆ ತುಂಡಾಗಿರಬಹುದು.

ಗುಂಡಿಗೆ ಇದ್ದಿಲು, ಉಪ್ಪು ತುಂಬಿ ನೀರು ಹುಯ್ಯುವ ಹಳೆಯ ಪದ್ಧತಿ ತಪ್ಪಲ್ಲ. ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ರೋಧ ಇಳಿಸುತ್ತದೆ. ಆದರೆ ಉಪ್ಪು ಮಳೆಗೆ ತೊಳೆದುಹೋಗುತ್ತದೆ, ನೀರು ಹುಯ್ಯುವ ರೂಢಿ ಎರಡನೆಯ ಬೇಸಿಗೆಗೆ ಮರೆತುಹೋಗುತ್ತದೆ. ಬಿರುಕು ಇಳಿಯದ ಆಳದ ಮಣ್ಣಿನಲ್ಲಿ ತೇವ ಉಳಿಯುವುದರಿಂದ ಪೈಪು ಆಳಕ್ಕೆ ಹೋದಷ್ಟೂ ಒಳ್ಳೆಯದು. ಬಂಡೆ ತಗುಲಿದರೆ ಎರಡು ಪೈಪುಗಳನ್ನು ಅವುಗಳ ಉದ್ದದ ಎರಡರಷ್ಟು ದೂರದಲ್ಲಿ ಹೂತು ಜೋಡಿಸಬೇಕು. ಪಕ್ಕಪಕ್ಕದಲ್ಲೇ ಹೂತರೆ ಎರಡರಿಂದ ಆಗುವ ಲಾಭ ಒಂದಕ್ಕಿಂತ ಅಷ್ಟೇನೂ ಹೆಚ್ಚಾಗದು. ಇಷ್ಟೆಲ್ಲ ಮಾಡಿಯೂ 1.4 ಓಮ್ ದಕ್ಕುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮನೆಯ ಗುಂಡಿಯನ್ನು ಸೊನ್ನೆ ಓಮಿಗೆ ಇಳಿಸಿದರೂ ಟಿಸಿಯ ಗುಂಡಿ ನಮ್ಮ ಕೈಯಲ್ಲಿಲ್ಲ.

ಆರ್‌ಸಿಸಿಬಿಯ ಕೆಲಸದ ರೀತಿಯೇ ಬೇರೆ. ಅದು ಎಷ್ಟು ಕರೆಂಟು ಹರಿಯಿತೆಂದು ನೋಡುವುದಿಲ್ಲ. ಫೇಸಿನಲ್ಲಿ ಹೋದದ್ದು ನ್ಯೂಟ್ರಲಿನಲ್ಲಿ ಪೂರ್ತಿ ಹಿಂದಿರುಗಿತೇ ಎಂದು ನೋಡುತ್ತದೆ. ಲೇವಾದೇವಿಯ ಖಾತೆಯಂತೆ ಜಮೆ ಖರ್ಚು ತಾಳೆಯಾಗಬೇಕು. ಎರಡೂ ವೈರು ಒಂದು ಉಂಗುರದಾಕಾರದ ಅಯಸ್ಕಾಂತೀಯ ತಿರುಳಿನ ಮೂಲಕ ಹಾದುಹೋಗುತ್ತವೆ. ಎರಡೂ ಸಮ ಇದ್ದರೆ ತಿರುಳಿನಲ್ಲಿ ಏನೂ ಇಲ್ಲ. ಒಂದಿಷ್ಟು ಕರೆಂಟು ತಗಡಿನಿಂದಲೋ ಮನುಷ್ಯರ ಮೈಯಿಂದಲೋ ಮಣ್ಣಿಗೆ ಸೋರಿದರೆ ವ್ಯತ್ಯಾಸ ಹುಟ್ಟಿ ಸ್ವಿಚ್ಚು ಕಳಚುತ್ತದೆ. 30 ಮಿಲಿಆಂಪಿಯರಿನ ಸಾಧನ 15ರಿಂದ 30ರ ನಡುವೆ, ಆ ಅಂಕಿಯಲ್ಲಿ ಗರಿಷ್ಠ 300 ಮಿಲಿಸೆಕೆಂಡಿನಲ್ಲಿ, ಐದುಪಟ್ಟು ಸೋರಿಕೆಗೆ 40 ಮಿಲಿಸೆಕೆಂಡಿನಲ್ಲಿ ಬೀಳಬೇಕು. ಇಂಥ ಸಾಧನಗಳನ್ನು 1950ರ ದಶಕದಲ್ಲಿ ಬೆಳೆಸಿದ್ದರಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಪ್ರದೇಶಕ್ಕೆ ದೊಡ್ಡ ಪಾಲಿದೆ. ಹಟ್ಟಿ ಚಿನ್ನದ ಗಣಿಯಿರುವ ಜಿಲ್ಲೆಯ ಓದುಗರಿಗೆ ಇದು ಹತ್ತಿರದ ಸಂಗತಿಯೆನಿಸಬಹುದು. ಈಗ ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿ ನೋಡಿ. ಮನೆಯ ಗುಂಡಿ 35 ಓಮ್ ಇದ್ದರೆ 30 ಮಿಲಿಆಂಪಿಯರ್ ಸೋರಿದಾಗ ತಗಡಿನ ಮೇಲಿನ ವೋಲ್ಟೇಜು ಸುಮಾರು ಒಂದು. ಬಿರುಕುಬಿಟ್ಟ ಎರೆಯಲ್ಲಿ ರೋಧ 500 ಓಮಿಗೆ ಏರಿದ್ದರೂ 15. ಅಪಾಯದ ಗೆರೆಯೆಂದು ಹಿಡಿಯುವ 50 ವೋಲ್ಟನ್ನು ಮುಟ್ಟಲು ರೋಧ 1,600 ಓಮ್ ದಾಟಬೇಕು. ಎರೆ, ಮಸಾರಿ, ಮೊರಂ ಯಾವುದೇ ಆಗಲಿ, ಈ ಮಿತಿಯೊಳಗಿರುವ ಗುಂಡಿ ತೋಡುವುದು ಹಳ್ಳಿಯ ಎಲೆಕ್ಟ್ರಿಷಿಯನ್ನರಿಗೆ ಸಾಧ್ಯ. ಅರ್ಥ್ ವೈರೇ ಇಲ್ಲದ ಹಳೆಯ ಭಾಗ್ಯಜ್ಯೋತಿ ಮನೆಯಲ್ಲಿ ಸಹ, ಮುಟ್ಟಿದವರಿಗೆ ಶಾಕ್ ಹೊಡೆದರೂ, ಕೈ ಅಂಟಿಕೊಂಡು ಉಳಿಯುವ ಮೊದಲೇ ಕರೆಂಟು ಕಡಿಯುತ್ತದೆ.

ಇದರ ಮಿತಿಯನ್ನೂ ಹೇಳಬೇಕು. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಆರ್‌ಸಿಸಿಬಿ ಉಳಿಸದು. ಅದರ ಪಾಲಿಗೆ ಅವರು ಒಂದು ಬಲ್ಬಿನಷ್ಟೇ. ಹೆಚ್ಚು ಲೋಡಿನಿಂದ ವೈರು ಕಾಯುವುದನ್ನು, ಸಡಿಲ ಜಾಯಿಂಟಿನ ಕಿಡಿಯನ್ನು ಅದು ತಡೆಯದು. ಅದಕ್ಕೆ ಎಂಸಿಬಿ ಬೇಕೇ ಬೇಕು, ಗಟ್ಟಿ ಕೆಲಸವೂ ಬೇಕು. ಇವೆರಡು ಒಂದರ ಬದಲಿಗೆ ಇನ್ನೊಂದಲ್ಲ.

ಆರ್‌ಸಿಸಿಬಿಯ ವಿರುದ್ಧ ಹಳ್ಳಿಯಲ್ಲೂ ಪೇಟೆಯಲ್ಲೂ ಕೇಳಿಬರುವ ಮುಖ್ಯ ದೂರು, ಅದು ಸುಮ್ಮಸುಮ್ಮನೆ ಬೀಳುತ್ತದೆ ಎಂಬುದು. ಮಳೆ ಬಂದರೆ ಬೀಳುತ್ತದೆ, ಗೀಸರ್ ಹಾಕಿದರೆ ಬೀಳುತ್ತದೆ, ಬೇಸತ್ತು ಒಂದು ದಿನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಬೈಪಾಸ್ ಮಾಡಿಸುತ್ತಾರೆ. ಆದರೆ ಅದು ಬೀಳುವುದಕ್ಕೆ ಕಾರಣ ಇದ್ದೇ ಇರುತ್ತದೆ, ಆ ಕಾರಣ ಹೆಚ್ಚಾಗಿ ಹುಡುಕಿದರೆ ಸಿಗುವಂಥದ್ದು: ಗೋಡೆಯ ಪೈಪಿನಲ್ಲಿ ಇನ್ಸುಲೇಷನ್ ಸುಲಿದ ಜಾಯಿಂಟು, ಸುಣ್ಣ ಕಟ್ಟಿ ಒಡೆದ ಗೀಸರ್ ಕಾಯಿಲ್, ಯಾವುದೋ ಬೋರ್ಡಿನಲ್ಲಿ ನ್ಯೂಟ್ರಲನ್ನೂ ಅರ್ಥನ್ನೂ ಕೂಡಿಸಿ ಕಟ್ಟಿರುವುದು. ಕೊನೆಯದು ಈ ಭಾಗದಲ್ಲಿ ಅಪರೂಪವಲ್ಲ. ನ್ಯೂಟ್ರಲ್ ಕಡಿದಾಗ ತಾತ್ಕಾಲಿಕವಾಗಿ ಅರ್ಥಿಂಗ್ ಪೈಪಿನಿಂದ ನ್ಯೂಟ್ರಲ್ ಎಳೆದು ಬಲ್ಬು ಉರಿಸುತ್ತಾರೆ, ಆ ತಾತ್ಕಾಲಿಕ ವರ್ಷಗಟ್ಟಲೆ ಉಳಿಯುತ್ತದೆ. ಆಗ ಮನೆಯ ಇಡೀ ಲೋಡು ಮಣ್ಣಿನ ಮೂಲಕ ಹರಿಯುತ್ತದೆ, ಪೈಪಿನ ಕ್ಲ್ಯಾಂಪು ಸಡಿಲವಾದರೆ ಅರ್ಥ್ ವೈರೇ ಫೇಸಿನಷ್ಟು ಅಪಾಯಕಾರಿಯಾಗುತ್ತದೆ. ಇದನ್ನು ಕಂಡು ಬಿದ್ದ ಆರ್‌ಸಿಸಿಬಿ ತನ್ನ ಕೆಲಸ ಸರಿಯಾಗಿ ಮಾಡಿದೆ. ದೊಡ್ಡ ಮನೆಯಲ್ಲಿ ಇಡೀ ಮನೆಗೆ ಒಂದೇ ಹಾಕುವ ಬದಲು ಅಡುಗೆಮನೆ ಮತ್ತು ಬಚ್ಚಲಿಗೊಂದು, ಉಳಿದದ್ದಕ್ಕೊಂದು ಹಾಕಿದರೆ ಕತ್ತಲೆಯ ತೊಂದರೆಯೂ ತಪ್ಪುತ್ತದೆ. ಬೆಲೆಯ ಮಾತು ಇದಕ್ಕಿಂತ ಗಂಭೀರ. ಎರಡು ಪೋಲಿನ ಒಂದು ಸಾಧನಕ್ಕೆ ಎರಡು ಸಾವಿರ ರೂಪಾಯಿಯ ಆಸುಪಾಸು ತಗಲುತ್ತದೆ. ಕೂಲಿಯಿಂದ ಬದುಕುವ ಮನೆಗೆ ಅದು ಸಣ್ಣ ಮೊತ್ತವಲ್ಲ. ಕೊಳ್ಳದಿದ್ದುದಕ್ಕೆ ಅವರನ್ನು ದೂರುವುದು ಸರಿಯಲ್ಲ. ಆದ್ದರಿಂದಲೇ ಇದು ಮನೆಯವರ ಆಯ್ಕೆಗೆ ಬಿಡುವ ವಿಷಯವಾಗಬಾರದು.

ಕಾನೂನಿನಲ್ಲಿ ಇದಕ್ಕೆ ಇರುವ ಜಾಗವನ್ನು ನೋಡಿದರೆ ಬೇಸರವಾಗುತ್ತದೆ. 1956ರ ಭಾರತೀಯ ವಿದ್ಯುತ್ ನಿಯಮಗಳಿಗೆ ಆಮೇಲೆ ಸೇರಿದ 61ಎ ನಿಯಮ ಸೋರಿಕೆ ತಡೆಯುವ ಸಾಧನವನ್ನು ಕಡ್ಡಾಯ ಮಾಡಿತಾದರೂ, 5 ಕಿಲೋವಾಟಿಗಿಂತ ಕಡಿಮೆ ಲೋಡಿನ ಸಂಪರ್ಕಗಳನ್ನು ಹೊರಗಿಟ್ಟಿತು. 2003ರ ವಿದ್ಯುತ್ ಕಾಯ್ದೆಯ ಅಡಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲೂ 2023ರಲ್ಲೂ ಹೊರಡಿಸಿದ ಸುರಕ್ಷತಾ ನಿಯಮಾವಳಿಗಳು ಆ ಹಳೆಯ ನಿಯಮಗಳ ಜಾಗಕ್ಕೆ ಬಂದವು. ಲೋಡಿನ ಅಂಕಿಯನ್ನು ನೋಡಿ ರಕ್ಷಣೆಯನ್ನು ನಿರ್ಧರಿಸುವ ಚಿಂತನೆ ಹಾಗೆಯೇ ಮುಂದುವರಿಯಿತು. ಗುಂಡಿಗೆಯನ್ನು ನಿಲ್ಲಿಸಲು ಬೇಕಾದ ಕರೆಂಟಿಗೆ ಮನೆಯ ಮಂಜೂರಾದ ಲೋಡಿನ ಹಂಗಿಲ್ಲ. ಐದು ಕಿಲೋವಾಟಿನ ಮನೆಯಲ್ಲಿ ಟೈಲ್ಸ್ ನೆಲ, ಹೊಸ ವೈರಿಂಗ್, ಪ್ಲಾಸ್ಟಿಕ್ ಮೈಯ ಉಪಕರಣಗಳಿರುವ ಸಂಭವ ಹೆಚ್ಚು. ಅರ್ಧ ಕಿಲೋವಾಟಿನ ಮನೆಯಲ್ಲಿ ಮಣ್ಣು ನೆಲ, ತಗಡಿನ ಗೋಡೆ, ಹಳೆ ಕೂಲರು. ಹೆಚ್ಚು ಅಪಾಯವಿರುವ ಕಡೆಗೇ ವಿನಾಯಿತಿ ಸಿಕ್ಕಿದೆ. ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ತಗುಲಿ ಸಾಯುತ್ತಿರುವುದು ರಾಷ್ಟ್ರೀಯ ಅಪರಾಧ ದಾಖಲೆ ಮಂಡಳಿಯ ವರದಿಗಳಲ್ಲಿ ದಾಖಲಾಗುತ್ತಿರುವಾಗ ಈ ವಿನಾಯಿತಿಯನ್ನು ಸಮರ್ಥಿಸುವುದು ಕಷ್ಟ.

ಪರೀಕ್ಷೆಯ ವಿಧಾನಗಳಿಗೆ ಬರೋಣ. ಹಳ್ಳಿಯ ಎಲೆಕ್ಟ್ರಿಷಿಯನ್ನರ ಜೇಬಿನಲ್ಲಿರುವುದು ನಿಯಾನ್ ಟೆಸ್ಟರು, ಚೀಲದಲ್ಲಿರುವುದು ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪು. ಟೆಸ್ಟರು ಫೇಸು ಎಲ್ಲಿದೆಯೆಂದು ಹೇಳುತ್ತದೆ. ಅರ್ಥ್ ಸರಿಯಿದೆಯೇ ಎಂದು ಅದಕ್ಕೆ ಗೊತ್ತಿಲ್ಲ. ಅರ್ಥಿಂಗ್ ನೋಡಲು ಫೇಸಿಗೂ ಅರ್ಥಿಗೂ ನಡುವೆ ನೂರು ವಾಟಿನ ಬಲ್ಬು ಹಿಡಿಯುತ್ತಾರೆ, ಅದು ಚೆನ್ನಾಗಿ ಉರಿದರೆ ‘ಅರ್ಥಿಂಗ್ ಛಲೋ ಐತಿ’ ಎನ್ನುತ್ತಾರೆ. ಉರಿಯುವ ಆ ಬಲ್ಬಿನ ರೋಧ ಸುಮಾರು 529 ಓಮ್. ಗುಂಡಿಗಳ ಒಟ್ಟು ರೋಧ 40 ಓಮ್ ಇದ್ದರೂ ಬಲ್ಬಿಗೆ 214 ವೋಲ್ಟ್ ಸಿಗುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣದು. ಅರ್ಧ ಆಂಪಿಯರನ್ನೂ ಎಳೆಯದ ಬಲ್ಬಿನಿಂದ ನೂರು ಆಂಪಿಯರಿನ ದಾರಿಯನ್ನು ಪರೀಕ್ಷಿಸಲಾಗದು. ಗುಂಡಿಯ ರೋಧ ಅಳೆಯಬೇಕಾದರೆ ಅರ್ಥ್ ಟೆಸ್ಟರು ಬೇಕು: ಮನೆಯ ಪೈಪಿನಿಂದ ದೂರದಲ್ಲಿ ಒಂದು ಮೊಳೆ ನೆಟ್ಟು ಕರೆಂಟು ಹರಿಸಿ, ನಡುವಿನ ಇನ್ನೊಂದು ಮೊಳೆಯಲ್ಲಿ ವೋಲ್ಟೇಜು ಅಳೆಯುವ ಉಪಕರಣ. ನಡುವಿನ ಮೊಳೆಯನ್ನು ಆಚೀಚೆ ಸರಿಸಿದರೂ ಅಂಕಿ ಬದಲಾಗದಿದ್ದರೆ ಅಳತೆ ನಂಬುವಂತಿದೆ ಎಂದರ್ಥ. ಇದನ್ನು ಜುಲೈನಲ್ಲಿ ಮಾಡಿದರೆ ಬರುವ ಉತ್ತರ ಮನೆಯವರನ್ನು ಸಂತೋಷಪಡಿಸುತ್ತದೆ, ಮೇ ತಿಂಗಳಲ್ಲಿ ರಕ್ಷಿಸುವುದಿಲ್ಲ. ಏಪ್ರಿಲಿನ ಎರಡನೆಯ ಅರ್ಧದಿಂದ ಮೊದಲ ಮಳೆಯವರೆಗಿನ ಅಳತೆಯೇ ಈ ಸೀಮೆಗೆ ಸರಿಯಾದ ಅಳತೆ.

ಇನ್ಸುಲೇಷನ್ ಪರೀಕ್ಷೆಗೆ ಮೆಗ್ಗರ್. ಮೇನ್ ಆಫ್ ಮಾಡಿ, ಉಪಕರಣಗಳನ್ನು ಕಳಚಿ, 500 ವೋಲ್ಟಿನ ಡಿಸಿಯನ್ನು ಒಂದು ನಿಮಿಷ ಹಾಯಿಸಿದಾಗ ವೈರಿಗೂ ಅರ್ಥಿಗೂ ನಡುವೆ ಕನಿಷ್ಠ 1 ಮೆಗಾಓಮ್ ಇರಬೇಕೆಂಬುದು ನಿಯಮಾವಳಿಯ ಮಾತು. ಅರ್ಥ್ ವೈರು ಪ್ರತಿ ಸಾಕೆಟ್ಟಿನವರೆಗೂ ತುಂಡಾಗದೆ ಬಂದಿದೆಯೇ, ಸ್ವಿಚ್ಚು ಫೇಸಿನಲ್ಲೇ ಇದೆಯೇ ಎಂಬ ಎರಡು ಪರೀಕ್ಷೆಗಳಿಗೆ ಮಲ್ಟಿಮೀಟರೇ ಸಾಕು. ಸ್ವಿಚ್ಚು ನ್ಯೂಟ್ರಲಿನಲ್ಲಿದ್ದರೆ ಆಫ್ ಮಾಡಿದ ಮೇಲೂ ಹೋಲ್ಡರಿನಲ್ಲಿ ಫೇಸು ಕಾದಿರುತ್ತದೆ, ಬಲ್ಬು ಬದಲಿಸುವವರಿಗೆ ತಿಳಿಯುವುದು ಮುಟ್ಟಿದಾಗಲೇ. ಆರ್‌ಸಿಸಿಬಿಯ ಮೈಮೇಲಿನ ಟೆಸ್ಟ್ ಗುಂಡಿಯ ಬಗ್ಗೆ ಒಂದು ಎಚ್ಚರ ಅಗತ್ಯ. ಅದನ್ನು ತಿಂಗಳಿಗೊಮ್ಮೆ ಒತ್ತಲೇಬೇಕು, ಏಕೆಂದರೆ ವರ್ಷಗಟ್ಟಲೆ ಬೀಳದ ಯಂತ್ರ ಧೂಳಿಗೆ ಜಡವಾಗುತ್ತದೆ. ಆದರೆ ಆ ಗುಂಡಿ ಒಳಗಿನ ಒಂದು ರೋಧದ ಮೂಲಕ ತಾನೇ ವ್ಯತ್ಯಾಸ ಹುಟ್ಟಿಸುತ್ತದೆ. ಮನೆಯ ಅರ್ಥ್ ವೈರು ಪೂರ್ತಿ ಇಲ್ಲದಿದ್ದರೂ ಒತ್ತಿದಾಗ ಬೀಳುತ್ತದೆ. ಗುಂಡಿ ಒತ್ತಿದರೆ ಬಿತ್ತು, ಆದ್ದರಿಂದ ಅರ್ಥಿಂಗ್ ಸರಿಯಿದೆ ಎಂದು ತೀರ್ಮಾನಿಸಬಾರದು.

ಈ ಕೆಲಸ ಯಾರು ಮಾಡಬೇಕೆಂಬುದರಲ್ಲಿ ಕಾನೂನು ಸ್ಪಷ್ಟವಾಗಿದೆ. ಜೋಡಣೆ, ಹೆಚ್ಚುವರಿ ಪಾಯಿಂಟು, ಬದಲಾವಣೆ ಎಲ್ಲವೂ ಸರಕಾರದ ಪರವಾನಗಿ ಪಡೆದ ಗುತ್ತಿಗೆದಾರರಿಂದ, ಅರ್ಹತಾ ಪತ್ರವಿದ್ದವರ ಉಸ್ತುವಾರಿಯಲ್ಲಿ, ಪರ್ಮಿಟ್ ಇರುವ ಕೆಲಸಗಾರರಿಂದಲೇ ಆಗಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ, ಜೋಡಣೆಯ ಸಾಮರ್ಥ್ಯವನ್ನಾಗಲಿ ಸ್ವರೂಪವನ್ನಾಗಲಿ ಬದಲಿಸದ ಕೆಲಸಕ್ಕೆ ಮಾತ್ರ ವಿನಾಯಿತಿ. ಹೊಸ ಸಂಪರ್ಕ ಕೊಡುವ ಮೊದಲು ಕಂಪನಿ ತಾನೇ ಪರೀಕ್ಷಿಸಬೇಕು, ಇಲ್ಲವೇ ಪರವಾನಗಿದಾರರು ಸಹಿ ಮಾಡಿದ ಪರೀಕ್ಷಾ ವರದಿಯನ್ನು ಒಪ್ಪಿಕೊಳ್ಳಬಹುದು. ಕುರ್ಡಿಯಂಥ ಊರಿನಲ್ಲಿ ಪರವಾನಗಿದಾರರನ್ನೇ ಕರೆಯಿರಿ ಎಂದರೆ, ಅವರು ಮಾನ್ವಿಯಲ್ಲೋ ರಾಯಚೂರಿನಲ್ಲೋ ಇರುತ್ತಾರೆ, ಒಂದು ಕೂಲರ್ ಪಾಯಿಂಟಿಗೆ ಬರುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಆಕ್ಷೇಪ ನ್ಯಾಯವಾದದ್ದು. ಊರಲ್ಲಿ ಕರೆಂಟ್ ಕೆಲಸ ಮಾಡುವ ಹುಡುಗರು ಹಲವರು ಐಟಿಐ ಕಲಿತವರು, ಉಳಿದವರು ಕೈಕೆಲಸದಿಂದ ಕಲಿತವರು. ಅವರ ಕೈಚಳಕ ಕಡಿಮೆಯದಲ್ಲ. ಅವರಲ್ಲಿ ಇಲ್ಲದ್ದು ಮೆಗ್ಗರು, ಅರ್ಥ್ ಟೆಸ್ಟರು ಮತ್ತು ಅಳೆದು ಬರೆದಿಡುವ ರೂಢಿ. ಇವರನ್ನು ಅಕ್ರಮದವರೆಂದು ದೂರವಿಡುವುದಕ್ಕಿಂತ ಪರ್ಮಿಟ್ಟಿನ ದಾರಿಗೆ ತಂದು, ಹೋಬಳಿಗೊಂದರಂತೆ ಪರೀಕ್ಷಾ ಉಪಕರಣಗಳನ್ನು ಹಂಚಿಕೊಳ್ಳುವ ಏರ್ಪಾಡು ಮಾಡಿದರೆ ಜನರಿಗೆ ಹೆಚ್ಚು ಉಪಯೋಗ.

ದುರಸ್ತಿಯ ತಪ್ಪುಗಳಲ್ಲಿ ತುಂಬ ಹಳೆಯದು ಫ್ಯೂಸಿಗೆ ತಾಮ್ರದ ಎಳೆಗಳನ್ನು ಹೊಸೆದು ಕಟ್ಟುವುದು. ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ಲೋಡು ಹೆಚ್ಚಿದೆ ಅಥವಾ ವೈರು ಸೋತಿದೆ ಎಂದು ತಿಳಿಯಬೇಕು. ದಪ್ಪ ಎಳೆ ಕಟ್ಟಿದಾಗ ಫ್ಯೂಸಿನ ಬದಲು ಗೋಡೆಯೊಳಗಿನ ವೈರು ಕಾಯುತ್ತದೆ. ಟಿಸಿಯ ನ್ಯೂಟ್ರಲ್ ಕಡಿದಾಗ ಒಂದು ಮನೆಗೆ ವೋಲ್ಟೇಜು ಕುಸಿದು ಇನ್ನೊಂದಕ್ಕೆ 400ರ ಹತ್ತಿರ ಏರುತ್ತದೆ, ಟಿವಿ, ಫ್ರಿಜ್ಜುಗಳು ಸುಟ್ಟುಹೋಗುತ್ತವೆ. ಬಲ್ಬುಗಳು ಒಮ್ಮೆಲೇ ಪ್ರಖರವಾದರೆ ಮೇನ್ ಇಳಿಸಿ ಲೈನ್‌ಮ್ಯಾನಿಗೆ ತಿಳಿಸುವುದನ್ನು ಬಿಟ್ಟು ಮನೆಯೊಳಗೆ ಮಾಡಬಹುದಾದ ದುರಸ್ತಿ ಬೇರೆ ಇಲ್ಲ.

ಅಂಗಡಿ, ಗಿರಣಿಗಳ ಪರಿಸ್ಥಿತಿ ಬೇರೆ. ಮಾನ್ವಿ, ರಾಯಚೂರುಗಳ ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಕಾರ್ಖಾನೆಗಳಿಗೆ ಮೂರು ಫೇಸಿನ ಮೋಟಾರುಗಳಿವೆ. ಇಂಥ ಮೋಟಾರಿನ ಮೈಯನ್ನು ಎರಡು ಪ್ರತ್ಯೇಕ ಅರ್ಥ್ ಜೋಡಣೆಗಳಿಂದ ನೆಲಕ್ಕಿಳಿಸಬೇಕೆಂದು 1956ರ ನಿಯಮಗಳೇ ಹೇಳಿದ್ದವು. ಒಂದು ತುಂಡಾದರೂ ಇನ್ನೊಂದು ಇರಲಿ ಎಂಬ ವಿವೇಕ ಅದರಲ್ಲಿದೆ. ಹತ್ತಿಯ ನಾರು, ಹೊಟ್ಟಿನ ಧೂಳು ಸ್ಟಾರ್ಟರಿನ ಒಳಗೆ ಕೂತರೆ ಕಾಂಟ್ಯಾಕ್ಟಿನ ಸಣ್ಣ ಕಿಡಿಯೇ ಬೆಂಕಿಗೆ ಸಾಕು. ಆದ್ದರಿಂದ ಅಲ್ಲಿ ಮುಚ್ಚಿದ ಪೆಟ್ಟಿಗೆ, ವಾರವಾರದ ಧೂಳು ತೆಗೆಯುವಿಕೆ, ಲೋಡಿನಲ್ಲಿರುವಾಗ ಯಾವ ಜಾಯಿಂಟು ಕಾಯುತ್ತಿದೆಯೆಂದು ನೋಡುವುದು ಅರ್ಥಿಂಗಿನಷ್ಟೇ ಮುಖ್ಯ. ಕರೆಂಟು ಹೋದಾಗ ಜನರೇಟರು ಹಚ್ಚುವ ಕಲ್ಯಾಣ ಮಂಟಪ, ಅಂಗಡಿ, ಆಸ್ಪತ್ರೆಗಳಲ್ಲಿ ಚೇಂಜ್‌ಓವರ್ ಸ್ವಿಚ್ಚು ಇಲ್ಲದೆ ನೇರ ಬೋರ್ಡಿಗೆ ಕಟ್ಟಿದರೆ ಆ ಕರೆಂಟು ಲೈನಿಗೆ ಹಿಮ್ಮುಖವಾಗಿ ಹರಿಯುತ್ತದೆ, ಟಿಸಿಯಲ್ಲಿ ಏರಿ 11 ಸಾವಿರ ವೋಲ್ಟಾಗಿ, ಲೈನ್ ಆಫ್ ಇದೆಯೆಂದು ನಂಬಿ ಕಂಬ ಹತ್ತಿದವರನ್ನು ಕೊಲ್ಲುತ್ತದೆ. ಹೈಟೆನ್ಷನ್ ಸಂಪರ್ಕಗಳಿಗೆ ವಿದ್ಯುತ್ ಪರಿವೀಕ್ಷಕರ ತಪಾಸಣೆ ಉಂಟು, ನಿಯತಕಾಲಿಕ ಪರೀಕ್ಷೆ ಉಂಟು. ಅದೇ ಬೀದಿಯ ಹಿಟ್ಟಿನ ಗಿರಣಿಗೆ, ವೆಲ್ಡಿಂಗ್ ಅಂಗಡಿಗೆ, ಮನೆಗೆ ಅಂಥ ಕಣ್ಣು ತಲುಪುವುದಿಲ್ಲ.

ಮನೆಗಳ ರಕ್ಷಣೆ, ಪರೀಕ್ಷೆಗಳ ಹೊಣೆಯನ್ನು ಸರಬರಾಜು ಕಂಪನಿಗೆ ಹೊರಿಸಿದರೆ ಲಕ್ಷಾಂತರ ಮನೆಗಳ ಖರ್ಚು ಯಾರು ಹೊರಬೇಕು ಎಂಬ ಪ್ರಶ್ನೆ ಉಳಿಯುತ್ತದೆ. 1956ರ ನಿಯಮಗಳ 33ನೆಯ ನಿಯಮ, ಆಮೇಲೆ 2010ರ ನಿಯಮಾವಳಿ, ಗ್ರಾಹಕರ ಬಳಕೆಗಾಗಿ ಅವರ ಜಾಗದಲ್ಲಿ ಒಂದು ಅರ್ಥ್ ಟರ್ಮಿನಲ್ ಒದಗಿಸಿ ಕಾಪಾಡುವ ಹೊಣೆಯನ್ನು ಸರಬರಾಜುದಾರರ ಮೇಲೆಯೇ ಇಟ್ಟಿವೆ. ಆದ್ದರಿಂದ ರಕ್ಷಣೆ ಮೀಟರಿನ ಆಚೆಯದು, ಅದು ಗ್ರಾಹಕರ ತಲೆನೋವು ಎಂಬ ಗೆರೆ ಕಾನೂನಿನಲ್ಲಿ ಅಷ್ಟು ಗಟ್ಟಿಯಾಗಿಲ್ಲ. ಸರಕಾರದ ಯೋಜನೆಗಳಲ್ಲಿ ಬಡಮನೆಗಳಿಗೆ ಕಂಪನಿಯೇ ಮೀಟರು, ಬೋರ್ಡು, ಬಲ್ಬು ಕೂಡಿಸಿಕೊಟ್ಟ ಉದಾಹರಣೆಗಳಿವೆ. ಅದೇ ಪೆಟ್ಟಿಗೆಯಲ್ಲಿ ಆರ್‌ಸಿಸಿಬಿಯನ್ನೂ ಕೂಡಿಸಿ, ಸಗಟಾಗಿ ಕೊಂಡರೆ ಅಂಗಡಿ ಬೆಲೆಗಿಂತ ಎಷ್ಟೋ ಕಡಿಮೆಗೆ ಆಗುತ್ತದೆ. ಮೀಟರು ಓದಲು ತಿಂಗಳಿಗೊಮ್ಮೆ ಹೇಗೂ ಮನೆಬಾಗಿಲಿಗೆ ಬರುವವರು ಟೆಸ್ಟ್ ಗುಂಡಿ ಒತ್ತಿ ನೋಡಿ ಬಿಲ್ಲಿನಲ್ಲಿ ಒಂದು ಗುರುತು ಹಾಕಬಹುದು. ಮಾನ್ವಿ, ದೇವದುರ್ಗ, ರಾಯಚೂರು ತಾಲ್ಲೂಕುಗಳಲ್ಲಿ ಇದನ್ನು ಮೊದಲು ಭಾಗ್ಯಜ್ಯೋತಿ ಕಾಲದ ಎರಡು ವೈರಿನ ಮನೆಗಳಿಂದ, ಫೆಬ್ರವರಿಯಲ್ಲಿ ಶುರುಮಾಡಿದರೆ ಕೂಲರುಗಳು ಹೊರಬರುವ ಹೊತ್ತಿಗೆ ಒಂದಷ್ಟು ಊರುಗಳಾದರೂ ಮುಗಿದಿರುತ್ತವೆ.